ಅನ್ನೂರಿಗೆ ಒಯ್ದ ಮಾತ್ರೆ

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಏಳು ವರ್ಷವಾಗಿಬಿಡುತ್ತದೆ. ಯಾವುದೋ ಆಸ್ಪತ್ರೆಯ ಜಗಲಿಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದೇನೆ. ಒಳಗೆ ಯಾರೋ ರೋಗಿಯನ್ನು ಗದರುತ್ತಿದ್ದಾರೆ. ಕಾಯಿಲೆ ಬಿದ್ದವರು ತಪ್ಪು ಮಾಡಿದವರು ಎಂದು ಬಹಳ ಕಾಲ ನಂಬಿದ್ದೆ. ಕೊಯಮತ್ತೂರಿನಲ್ಲಿ ಬಿ.ಎಸ್ಸಿ. ಓದಿದ ಮೇಲೂ ಅದು ಪೂರ್ತಿ ಹೋಗಿರಲಿಲ್ಲ. ಹೋಗಲಾಡಿಸಿದವಳು ಜಯಪ್ರಿಯಾ.

ಜಯಪ್ರಿಯಾ ಉಡುಮಲೈಪೇಟೆಯಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರಿಗೆ ತಿಳಿಹೇಳುವ ಕೌನ್ಸೆಲರ್. ನನ್ನ ಮೊಮ್ಮಗ ತಿರುಮೂರ್ತಿಯ ಹೆಂಡತಿ ಕಣ್ಣಮ್ಮ ಬಸುರಿಯಾದಾಗ ಮೊದಲ ರಕ್ತಪರೀಕ್ಷೆಯಲ್ಲೇ ಸೋಂಕು ಕಂಡಿತು. ಆಮೇಲೆ ಅವನಿಗೂ. ಇಬ್ಬರೂ ನನ್ನನ್ನೇ ಜೊತೆಗೆ ಕರೆದರು. ಯಾರಿಂದ ಯಾರಿಗೆ ಬಂತು ಎಂದು ಜಯಪ್ರಿಯಾ ಕೇಳಲೇ ಇಲ್ಲ. ಕಣ್ಣಮ್ಮ ಅಳತೊಡಗಿದಾಗ ಎದ್ದು ಬಂದು, ಹೊರಗೆ ಸಾಲಿನಲ್ಲಿದ್ದವರಿಗೆ ಮುಖ ಕಾಣದ ಹಾಗೆ ಅವಳ ಕುರ್ಚಿಯನ್ನು ತಿರುಗಿಸಿದಳು. ದಿನಕ್ಕೊಂದು ಮಾತ್ರೆ ತಪ್ಪದೆ ತೆಗೆದುಕೊಂಡರೆ ಮಗುವಿಗೆ ಸೋಂಕು ತಗಲುವ ಸಂಭವ ತೀರ ಕಡಿಮೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದಳು.

ಕಣ್ಣಮ್ಮ ನನ್ನಿಂದ ಒಂದೇ ಭಾಷೆ ತೆಗೆದುಕೊಂಡಳು. ಅನ್ನೂರಿನ ಅವಳ ತಾಯಿಗೆ ಇದು ತಿಳಿಯಬಾರದು.

ಏಳನೇ ತಿಂಗಳಲ್ಲಿ ಮಡತ್ತುಕುಳಂನ ನಮ್ಮ ಮನೆಯಲ್ಲಿ ಕಟ್ಟುಸೋರು ನಡೆಯಿತು. ತವರಿನವರು ಬಗೆಬಗೆಯ ಸೋರು, ಅಂದರೆ ಅನ್ನ, ಕಟ್ಟಿ ತಂದು, ಎಲ್ಲರಿಗೂ ಬಡಿಸಿ, ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗುವ ದಿನ ಅದು. ನಮ್ಮವರಲ್ಲಿ ಅಂದು ಹುಡುಗಿ ತಾನಾಗಿ ಏನನ್ನೂ ಕಟ್ಟಿಕೊಳ್ಳುವಂತಿಲ್ಲ. ತಾಯಿ ತಂದ ಸೀರೆ ಉಟ್ಟು ಬರಿಗೈಯಲ್ಲಿ ಹೊಸ್ತಿಲು ದಾಟಬೇಕು. ಕಣ್ಣಮ್ಮ ಹಾಗೆಯೇ ದಾಟಿದಳು.

ಮರುದಿನವಲ್ಲ, ಅದರ ಮರುದಿನ ಬೆಳಿಗ್ಗೆ ಫೋನ್ ಬಂತು.

"ಅವ್ವಾ, ಮಾತ್ರೆ ಅಲ್ಲೇ ಉಳ್ಕಂತು. ಅಕ್ಕಿ ಡಬ್ಬದ ಹಿಂದೆ. ನೆನ್ನೆ ತಗೊಳ್ಳಲೇ ಇಲ್ಲ. ಮಗುಗೆ ಏನಾದ್ರೂ ಆಯ್ತದಾ?"

ಜಯಪ್ರಿಯಾಗೆ ಫೋನ್ ಮಾಡಿದೆ.

"ಒಂದು ದಿನ ತಾನೇ ಅಮ್ಮಾ, ಗಾಬರಿ ಬೇಡ. ಇವತ್ತಿಂದ ತಗೊಳ್ಳಲಿ. ನೆನ್ನೆದೂ ಸೇರಿಸಿ ಎರಡು ನುಂಗೋದು ಬೇಡ. ಆದ್ರೆ ಇನ್ನು ತಪ್ಪಬಾರದು. ಅನ್ನೂರಿಗೆ ಯಾರು ಹೋಗ್ತಾರೆ?"

"ನಾನೇ."

"ಎಂಬತ್ತು ವಯಸ್ಸಿಗೆ ಮೂರು ಬಸ್ಸಾ?"

"ಎಪ್ಪತ್ತೆಂಟು!"

"ಓ, ಹಾಗಾದ್ರೆ ಚಿಕ್ಕ ಹುಡುಗಿ! ಹೋಗಿ ಬನ್ನಿ."

ಉಡುಮಲೈಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಅವಳೇ ನಿಂತಿದ್ದಳು. ಕೊಯಮತ್ತೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ತನ್ನ ದುಪಟ್ಟಾ ಹಾಕಿ ಹಿಡಿದಿಟ್ಟಿದ್ದಳು.

"ಅಲ್ಲಿ ಯಾರು ಕೇಳಿದ್ರೂ ನೀವು ಹೇಳ್ಬೇಡಿ ಅಮ್ಮಾ. ಹೇಳೋದು, ಬಿಡೋದು ಕಣ್ಣಮ್ಮನ ಇಷ್ಟ. ಅವಳಿಗೆ ಬೇಕು ಅನ್ನಿಸಿದ್ರೆ ನನಗೆ ಫೋನ್ ಹಾಕಿ."

ಅನ್ನೂರು ತಲುಪಿದಾಗ ಮಧ್ಯಾಹ್ನ ಒಂದು ಗಂಟೆಯಾಗುತ್ತಿತ್ತು. ಕಣ್ಣಮ್ಮನ ತಾಯಿ ಅಂಗಮ್ಮ ಬಾಗಿಲಲ್ಲೇ ಸಿಕ್ಕಳು.

"ಏನುಂಗವ್ವಾ, ಎರಡೇ ದಿನಕ್ಕೆ ಬಂದ್ಬಿಟ್ರಾ? ಮಗಳಿಗೆ ನಾವು ಸೋರು ಹಾಕ್ತೀವೋ ಇಲ್ವೋ ಅಂತ ಸಂದೇಹವಾ?"

ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕಿದ್ದೆ, ಸಿಕ್ಕಿರಲಿಲ್ಲ. ಸುಮ್ಮನೆ ನಕ್ಕೆ. ಕಣ್ಣಮ್ಮ ನನ್ನ ಚೀಲವನ್ನು ನೋಡಿದಳು, ತಾಯಿಯನ್ನು ನೋಡಿದಳು.

"ಅಮ್ಮಾ, ಅವ್ವ ನನಗೆ ಮಾತ್ರೆ ತಂದವ್ರೆ."

"ರಕ್ತದ ಮಾತ್ರೆ ತಾನೇ? ಅದನ್ನ ಇಲ್ಲೇ ನರ್ಸಮ್ಮ ಕೊಡ್ತಾಳೆ. ಅದಕ್ಕೆ ಇಷ್ಟು ದೂರ ಬರೋದಾ?"

"ಅದಲ್ಲಮ್ಮಾ," ಎಂದು ಕಣ್ಣಮ್ಮ ಗೋಡೆಗೊರಗಿ ಕುಳಿತು, ತಾನೇ ಎಲ್ಲವನ್ನೂ ಹೇಳಿದಳು. ಗಂಡನದನ್ನೂ ಸೇರಿಸಿ.

ಅಂಗಮ್ಮ ಮಗಳ ಹೊಟ್ಟೆ ನೋಡಿ "ಮಗುಗೆ?" ಎಂದಳು.

ಕಣ್ಣಮ್ಮ ನನಗೆ ತಲೆಯಾಡಿಸಿದಳು. ಜಯಪ್ರಿಯಾಗೆ ಫೋನ್ ಹಚ್ಚಿ ಇಬ್ಬರ ನಡುವೆ ಇಟ್ಟೆ. ಅಂಗಮ್ಮ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. ಜಯಪ್ರಿಯಾ ಮೂರು ಸಲವೂ ಮೊದಲ ಸಲದಂತೆಯೇ ಉತ್ತರಿಸಿದಳು. "ಅಕ್ಕಾ, ಮಗು ಹುಟ್ಟಿದ ಕೂಡಲೇ ಅದಕ್ಕೂ ಔಷಧಿ ಕೊಡ್ತೀವಿ. ಆರು ವಾರಕ್ಕೆ ಪರೀಕ್ಷೆ ಮಾಡ್ತೀವಿ. ಮಗಳನ್ನ ಮುಟ್ಟಿದ್ರೆ, ತಬ್ಬಿದ್ರೆ ನಿಮಗೇನೂ ಬರಲ್ಲ."

"ನಾನು ಏನು ಮಾಡ್ಬೇಕು ಈಗ?"

"ದಿನಾ ಮಧ್ಯಾಹ್ನ ನೆನಪು ಮಾಡಿ ಅಕ್ಕಾ. ನಿಮ್ಮಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ?"

ಅಂಗಮ್ಮ ಎದ್ದು ಒಳಗೆ ಹೋದಳು. ಕಣ್ಣಮ್ಮ ನೆಲ ನೋಡುತ್ತ ಕುಳಿತಿದ್ದಳು. ಅವಳ ಕೈ ನನ್ನ ಕೈಯೊಳಗೆ ತಣ್ಣಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಆಮೇಲೆ ನಿಂತಿತು.

ಅಂಗಮ್ಮ ಒಂದು ತಟ್ಟೆ, ಒಂದು ಲೋಟ ನೀರು ಹಿಡಿದು ಬಂದಳು. ಲೋಟವನ್ನು ನಾನು ಚೀಲದಿಂದ ತೆಗೆದಿಟ್ಟಿದ್ದ ಮಾತ್ರೆಯ ಪಕ್ಕದಲ್ಲಿಟ್ಟಳು. ಅನ್ನಕ್ಕೆ ಹುಳಿ ಕಲಸಿ, ಉಪ್ಪು ನೋಡಲು ಒಂದು ತುತ್ತು ತಾನು ಬಾಯಿಗೆ ಹಾಕಿಕೊಂಡು, ತಟ್ಟೆಯನ್ನು ಮಗಳ ಕೈಗೆ ಕೊಟ್ಟಳು.