ಸೂಲಗಿತ್ತಿಯ ಮಗಳು ವರ್ಡಾ

ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ನಮ್ಮಕ್ಕ ವರ್ಡಾ ಕಾಡಿಲ್ ಹಾಡುವ ಹೊತ್ತಿಗೆ ನಮ್ಮ ಕೆಂಟಕಿಯ ಬೆಟ್ಟದ ಹೆಂಗಸರು ಒಗೆಯುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಬರುತ್ತಿದ್ದರು. ಆಗ ಅವಳಿಗೆ ಹದಿನೇಳು. ಇಪ್ಪತ್ತೆರಡಕ್ಕೆಲ್ಲ ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋಗಿ ಹೆಸರು ಮಾಡಿದಳು. ಅವಳ ಪಕ್ಕ ನಿಂತು ದನಿಗೂಡಿಸುತ್ತಿದ್ದವಳು ನಾನು, ತಂಗಿ ಡೆಲ್ಫಾ. ಕಾರು ಓಡಿಸುತ್ತಿದ್ದವಳೂ ನಾನೇ. ಬೆಟ್ಟದ ತಿರುವುಗಳಲ್ಲಿ ಹುಟ್ಟಿ ಬೆಳೆದಿದ್ದರೂ ಅವಳಿಗೆ ಅದೇ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತಿತ್ತು.

ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದ. ಅವ್ವ ಐಸಿ ಸೂಲಗಿತ್ತಿ. ಹಿಮ ಬೀಳಲಿ, ಹಳ್ಳ ತುಂಬಲಿ, ಕರೆ ಬಂದರೆ ಹೇಸರಗತ್ತೆ ಏರಿ ಹೊರಟುಬಿಡುವಳು. ಆ ಕಣಿವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕೂಸುಗಳು ಮೊದಲು ಬಿದ್ದದ್ದು ಅವಳ ಕೈಗೆ. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ.

ಅಕ್ಕನಿಗೆ ಮೂವತ್ತಾದಾಗ ಕ್ಯಾಲಿಫೋರ್ನಿಯಾದ ಟಿವಿಯವರು ಕರೆದರು. ಗುಡ್ಡಗಾಡಿನ ಪೆದ್ದು ಸಂಸಾರವೊಂದರ ನಗೆ ಧಾರಾವಾಹಿ. ಅದರಲ್ಲಿ ಅವಳು ಟಿಲ್ಡಿ ಅತ್ತೆ. ಬರಿಗಾಲು, ಗೋಣಿಯಂಥ ಲಂಗ, ಮುಂದಿನ ಹಲ್ಲಿಗೆ ಕಪ್ಪು ಮೇಣ. ಹಾಡಿಗಿಂತ ಆ ಕಪ್ಪು ಹಲ್ಲೇ ಅವಳಿಗೆ ದೊಡ್ಡ ಹೆಸರು ತಂದಿತು. ಸುಳ್ಳು ಹೇಳಬಾರದು, ಅವಳಿಗೆ ಅದು ಹಿಡಿಸಿತ್ತು. ಜನ ನಕ್ಕಷ್ಟೂ ಅವಳಿಗೆ ಹುರುಪೇರುತ್ತಿತ್ತು.

ಮೂರನೇ ವರ್ಷ ಟಿಲ್ಡಿ ಅತ್ತೆ ಹೆರಿಗೆ ಮಾಡಿಸುವ ಕಂತು ಬಂತು. ಬರೆದಿದ್ದನ್ನು ಓದಿ ನಾನು ಹೇಳಿದೆ, "ಅಕ್ಕ, ಇದೊಂದು ಬೇಡ ಅನ್ನು."

"ನಗೆಯಾಟ ಕಣೇ ಇದು. ಅವ್ವಂಗೆ ಅಷ್ಟು ಗೊತ್ತಾಗಲ್ವಾ?"

ಟಿಲ್ಡಿ ಅತ್ತೆ ಕೊಡಲಿ ಹಿಡಿದು ಬಂದಳು, ಬಸುರಿಗೆಂದು ತಂದ ಸಾರಾಯಿಯನ್ನು ತಾನೇ ಕುಡಿದಳು, ಕೂಸನ್ನು ಹಿಡಿಯಲು ಹೋಗಿ ಬಕೆಟ್ಟಿನೊಳಗೆ ಕೂತುಬಿಟ್ಟಳು. ಎದುರಿಗೆ ಕೂತ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವ್ವ ಅದನ್ನು ಊರ ಅಂಗಡಿಯಲ್ಲಿ, ಹನ್ನೆರಡು ಜನರ ನಡುವೆ ಕೂತು ನೋಡಿದಳು. ಮಾರನೆಯ ದಿನ ಅದೇ ಅಂಗಡಿಯಿಂದ ಫೋನ್ ಬಂತು.

"ಚೆನ್ನಾಗಿ ನಗಿಸ್ದೆ," ಎಂದಳು ಅವ್ವ.

"ಅವ್ವ, ಅದು ನಿನ್ನನ್ನ ನೋಡಿ ಮಾಡಿದ್ದಲ್ಲ."

"ಮತ್ತ್ಯಾರನ್ನ? ಈ ಕಣಿವೇಲಿ ಇನ್ಯಾರಿದಾರೆ?"

ಫೋನ್ ಇಟ್ಟಳು. ಆಮೇಲೆ ಅಕ್ಕ ಬರೆದ ಒಂದು ಕಾಗದಕ್ಕೂ ಉತ್ತರ ಬರಲಿಲ್ಲ. ಆ ವರ್ಷದ ಕೊನೆಗೆ ಅಕ್ಕ ಮೇಣದ ಡಬ್ಬಿಯನ್ನು ಮೇಕಪ್ಪಿನವನ ಕೈಗಿಟ್ಟು ಹೊರಬಂದಳು. ಟಿವಿಯವರು ಟಿಲ್ಡಿ ಅತ್ತೆಯ ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟರು.

ಹಾಡಿಗೆ ಮರಳುವುದು ಅವಳು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಎರಡು ವರ್ಷ ದನದ ಪ್ರದರ್ಶನ, ಶಾಲೆಯ ಜಗಲಿ, ಟ್ರ್ಯಾಕ್ಟರ್ ಅಂಗಡಿಯ ಉದ್ಘಾಟನೆ, ಎಲ್ಲಿ ಕರೆದರೆ ಅಲ್ಲಿ. ಬಿಕ್ಕಿಬಿಕ್ಕಿ ಅಳಿಸುವ ಹಾಡಿನ ನಡುವೆಯೇ ಯಾರಾದರೂ ಕೂಗುತ್ತಿದ್ದರು, "ಟಿಲ್ಡಿ ಅತ್ತೆ, ಹಲ್ಲು ತೋರ್ಸು." ಅವಳು ಬಾಯಿ ಅಗಲಿಸಿ ಬಿಳಿ ಹಲ್ಲು ತೋರಿಸಿ, ಬಿಟ್ಟ ಸಾಲಿನಿಂದಲೇ ಹಾಡು ಮುಂದುವರಿಸುವಳು.

ಅಂಥದೊಂದು ಕಡೆ ಅವಳ ಹಾಡು ಕೇಳಿದ ನಿರ್ದೇಶಕನೊಬ್ಬ ಸಿನಿಮಾಕ್ಕೆ ಕರೆದ. ಪಾತ್ರ ಬೆಟ್ಟದ ಸೂಲಗಿತ್ತಿಯದು. ಈ ಸಲ ನಗೆಯಿಲ್ಲ. ಅಕ್ಕ ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. "ಊರಿಗೆ ನಡಿ," ಎಂದಳು.

ಅವ್ವ ವರಾಂಡದಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸೂಲಗಿತ್ತಿ ಪಾರ್ಟು ಬಂದಿದೆ, ಅವ್ವ."

"ಮತ್ತೆ ನಗಿಸೋಕಾ?"

"ಅಲ್ಲ. ನೀನು ಕಲಿಸಿದ್ರೆ ಮಾಡ್ತೀನಿ. ಇಲ್ಲಾಂದ್ರೆ ಇಲ್ಲ."

ಅವ್ವ ಇನ್ನೊಂದು ಹಿಡಿ ಕಾಯಿ ಸೋಸಿದಳು. ಆಮೇಲೆ ಅಕ್ಕನ ಕೈ ನೋಡಿದಳು. ಕೆಂಪು ಬಣ್ಣ ಬಳಿದ ಉದ್ದ ಉಗುರುಗಳು.

"ಮೊದ್ಲು ಉಗುರು ಕತ್ತರಿಸು," ಎಂದಳು.

ಅಕ್ಕ ಆರು ವಾರ ಅಲ್ಲೇ ನಿಂತಳು. ಮೊಣಕೈವರೆಗೆ ಸೋಪು ಹಚ್ಚಿ ಕೈ ಕೆಂಪಾಗುವಂತೆ ಉಜ್ಜಿದಳು, ಬಟ್ಟೆ ಕುದಿಸಿದಳು. ಕಡೆಯ ವಾರ ಅವ್ವ ಅವಳನ್ನು ಹೆರಿಗೆಯೊಂದಕ್ಕೆ ಜೊತೆಗೆ ಕರೆದೊಯ್ದಳು. ಚೊಚ್ಚಲ ಬಸುರಿ ಹುಡುಗಿ ಇವಳನ್ನು ಕಂಡವಳೇ, "ಅಯ್ಯೋ, ಟಿಲ್ಡಿ ಅತ್ತೇನಾ? ಇವಳನ್ನ ಆಚೆ ಕಳಿಸಿ," ಎಂದು ಹೆದರಿ ಅತ್ತಳು.

"ಇವಳು ನನ್ನ ಮಗಳು. ದೀಪ ಹಿಡಿಯೋಕೆ ಬಂದಿದಾಳೆ," ಎಂದಳು ಅವ್ವ.

ಒಂಬತ್ತು ಗಂಟೆ ಹೊತ್ತು ಅಕ್ಕ ದೀಪ ಹಿಡಿದು ನಿಂತಳು. ಕೂಸು ಹುಟ್ಟಿದ ಮೇಲೆ ಹೊರಗೆ ಬಂದು ಬೇಲಿಗೊರಗಿ ಅತ್ತಳು. "ಅವ್ವ ಒಂದು ಸಲಾನೂ ದನಿ ಏರಿಸ್ಲಿಲ್ಲ ಕಣೇ," ಎಂದಳು ಕಾರಿನ ಹತ್ತಿರ ಕಾಯುತ್ತಿದ್ದ ನನಗೆ. "ನಾನು ಏನು ಮಾಡ್ಬಿಟ್ಟೆ."

ಸಿನಿಮಾ ಬಂದಾಗ ಅವ್ವನನ್ನು ಪೇಟೆಯ ಥಿಯೇಟರಿಗೆ ಕರೆತಂದೆವು. ಹ್ಯಾಟು ಕೂಡ ತೆಗೆಯದೆ ಕೊನೆಯವರೆಗೂ ಕೂತು ನೋಡಿದಳು. ಹೊರಗೆ ಬಂದಾಗ ಅಕ್ಕನಿಗೆ ಕೇಳುವ ಧೈರ್ಯವಿಲ್ಲ. ನಾನೇ ಕೇಳಿದೆ, "ಹೆಂಗಿತ್ತು ಅವ್ವ?"

"ಮಾತು ಜಾಸ್ತಿ ಆಯ್ತು," ಎಂದಳು. "ಹೆರೋಳಿಗೆ ಅಷ್ಟೊಂದು ಮಾತು ಬೇಕಿಲ್ಲ."

"ಅದು ಬರೆದೋರ ತಪ್ಪು, ಅವ್ವ," ಎಂದಳು ಅಕ್ಕ.

"ಇರ್ಲಿ. ಕೈ ಸರಿಯಾಗಿತ್ತು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು, "ಕೂಸಿನ ತಲೆ ಹಿಡಿದದ್ದು, ಅದು ಸರಿಯಾಗಿತ್ತು."

ಅಕ್ಕ ಆಮೇಲೆ ಎಂಟು ಸಿನಿಮಾ ಮಾಡಿದಳು. ಯಾವುದೂ ಭಾರಿ ಓಡಲಿಲ್ಲ, ಆದರೆ ಒಳ್ಳೆಯ ನಟಿ ಎಂದು ಜನ ಗೌರವದಿಂದ ಕಂಡರು. ಹಾಡಿಗೂ ಕೇಳುಗರು ಮೆಲ್ಲಗೆ ಮರಳಿದರು. ಪತ್ರಿಕೆಯವರು ಟಿಲ್ಡಿ ಅತ್ತೆಯ ಬಗ್ಗೆ ಕೇಳಿದರೆ ಅವಳು ಜಾರಿಕೊಳ್ಳುತ್ತಿರಲಿಲ್ಲ. "ಚೆನ್ನಾಗಿ ಮಾಡ್ದೆ. ಮಾಡಬಾರದಿತ್ತು," ಎನ್ನುವಳು.

ಅವ್ವ ಮಾತ್ರ ಆ ಸೂಲಗಿತ್ತಿಯ ಸಿನಿಮಾವನ್ನು ನಮ್ಮ ಜೊತೆ ನೋಡಿದ ಮಾರನೆಯ ವಾರವೇ, ನಮಗೆ ಹೇಳದೆ ಬಸ್ಸು ಹತ್ತಿ ಪೇಟೆಗೆ ಹೋಗಿ ಇನ್ನೊಂದು ಸಲ ನೋಡಿಬಂದಳಂತೆ. ಊರ ಅಂಗಡಿಯವಳು ನನಗೆ ಹೇಳಿದಳು.