ಎರಡು ಮುಕ್ಕಾಲು ಡಿಗ್ರಿ

ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಕೆಳಗಿಳಿದು ಕೂತಿತ್ತು. ಲತಾಮಣಿ ಹೆಗಲಿನ ಬ್ಯಾಗು ಇಳಿಸುವುದನ್ನೂ ಮರೆತು ನೋಡಿದಳು. ಏಳು ವರ್ಷದಿಂದ ಮೂರು ಡಿಗ್ರಿಯ ಮೇಲೇ ಓಡುತ್ತಿದ್ದ ಗೆರೆ ಇವತ್ತು ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ದಬಕ್ಕನೆ ಬಿದ್ದು ಎರಡು ಮುಕ್ಕಾಲಿಗೆ ನಿಂತಿದೆ. ಈಗ ಗಂಟೆ ಒಂಬತ್ತೂವರೆ. ಬುಧವಾರ ಅವಳ ಪಿಎಚ್.ಡಿ. ಮೌಖಿಕ ಪರೀಕ್ಷೆ, ಇವತ್ತು ಶನಿವಾರ. ಕೆಡುವುದಕ್ಕೆ ಈ ಯಂತ್ರಕ್ಕೆ ಬೇರೆ ದಿನವೇ ಸಿಗಲಿಲ್ಲವೇ!

ದೊಡ್ಡಆಲಹಳ್ಳಿಯ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯ ಗುಂಡಿಯಲ್ಲಿ ಅವಳದೊಂದು ಶೀಟಿನ ಕೋಣೆ. ಮೊಬೈಲ್ ಟವರುಗಳ ಗಲಾಟೆ ಆ ಆಳಕ್ಕೆ ಇಳಿಯುವುದಿಲ್ಲ. ಸೂರಿನ ಮುಂದೆ ಆಕಾಶಕ್ಕೆ ಬಾಯಿ ತೆರೆದುಕೊಂಡ ಅಗಲದ ಅಲ್ಯೂಮಿನಿಯಂ ಕೊಂಬು. ಜಗತ್ತು ಹುಟ್ಟಿದಾಗಿನ ಕಾವು ಆರಿ ಆರಿ, ಇವತ್ತಿಗೂ ಆಕಾಶದ ಎಲ್ಲ ಕಡೆಯಿಂದ ಸಣ್ಣಗೆ ಬರುತ್ತಲೇ ಇದೆಯಲ್ಲ, ಅದನ್ನು ಹಿಡಿಯುವ ಕೊಂಬು. ಆ ಕಾವು ಪರಮ ಶೂನ್ಯಕ್ಕಿಂತ, ಅಂದರೆ ತಣ್ಪಿನ ಕಟ್ಟಕಡೆಗಿಂತ, ಎರಡು ಮುಕ್ಕಾಲು ಡಿಗ್ರಿ ಮೇಲೆ ಅಂತ ಲೋಕಕ್ಕೆಲ್ಲ ಗೊತ್ತು. ಲತಾಮಣಿಯ ಕೊಂಬಿಗೆ ಮಾತ್ರ ಒಂದು ಡಿಗ್ರಿಯ ಮೂರನೇ ಒಂದು ಪಾಲು ಹೆಚ್ಚಿಗೆ ಸಿಕ್ಕಿತ್ತು. ಬಂಡೆಯ ಬಿಸಿ, ಶೀಟಿನ ಬಿಸಿ, ಮೇಲಿನ ಹುಣಸೆಮರ, ಗಾಳಿಯ ತೇವ ಎಲ್ಲವನ್ನೂ ಕಳೆದರೂ ಅದು ಉಳಿಯುತ್ತಿತ್ತು. ಉಳಿದದ್ದು ಆಕಾಶದ್ದೇ, ಇದುವರೆಗೆ ಯಾರೂ ಕಾಣದ್ದು ಅಂತ ಅವಳು ಇನ್ನೂರು ಪುಟ ಬರೆದಿದ್ದಳು.

ಬರೆಯದೆ ಗತಿಯೂ ಇರಲಿಲ್ಲ ಅನ್ನಿ. ಕನಕಪುರದ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಅಂತ ಹೆಸರು, ಕೂರಲು ಸ್ವಂತದ್ದೊಂದು ಕುರ್ಚಿ ಇಲ್ಲ. ಪಿಎಚ್.ಡಿ. ಇಲ್ಲದವರಿಗೆ ಬರುವ ವರ್ಷ ಪಾಠವೂ ಇಲ್ಲ ಅಂತ ಹೇಳಿಬಿಟ್ಟಿದ್ದರು. ಪ್ರಬಂಧಕ್ಕೆ ವಿಶ್ವವಿದ್ಯಾಲಯ ಕೊಟ್ಟ ಗಡುವು ಈ ತಿಂಗಳಿಗೇ ಕೊನೆ.

ಅವಳು ತಂತಿಗಳನ್ನು ಬಿಚ್ಚಿ ಕಟ್ಟಿದಳು. ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡಲು ಎಷ್ಟು ತಣ್ಣಗಿದೆ ಅಂತ ಮೊದಲೇ ಗೊತ್ತಿರುವ ವಸ್ತುವೊಂದು ಬೇಕು. ಹಸುಗಳಿಗೆ ಗಬ್ಬ ಕಟ್ಟಿಸಲು ಕೊಡುವ ಬೀಜದ ಕಡ್ಡಿಗಳನ್ನು ಪಶು ಆಸ್ಪತ್ರೆಯಲ್ಲಿ ದ್ರವ ಸಾರಜನಕದಲ್ಲಿ ಇಡುತ್ತಾರೆ. ಅಲ್ಲಿನ ಮಕ್ಬೂಲ್ ತಿಂಗಳಿಗೊಂದು ಕ್ಯಾನು ಇವಳಿಗೂ ತುಂಬಿಸಿಕೊಡುತ್ತಿದ್ದ. ಅದನ್ನು ಸ್ಪಂಜಿಗೆ ಸುರಿದು, ಸ್ಪಂಜನ್ನು ಕೊಂಬಿನ ಬಾಯಿಗೆ ಹಿಡಿದು ಅಳೆದಳು. ಕೂದಲೆಳೆಯಷ್ಟೂ ತಪ್ಪಿಲ್ಲ. ಯಂತ್ರ ಚೆನ್ನಾಗಿದೆ, ಹಾಗಾದರೆ ಆಕಾಶಕ್ಕೇನಾಯಿತು?

ಅಷ್ಟರಲ್ಲಿ ಕ್ವಾರಿಯ ಕಾವಲುಗಾರ ಪುಟ್ಟಸ್ವಾಮಿ ಏಣಿ ಹೊತ್ತುಕೊಂಡು ಬಂದ. ಕಂಕುಳಲ್ಲಿ ಅರಿಶಿನ ಕುಂಕುಮ ಹಚ್ಚಿದ ಬೂದುಗುಂಬಳಕಾಯಿ. ಏನೋ ಕದ್ದವನ ಮುಖ ಮಾಡಿಕೊಂಡಿದ್ದ. ಸೂರಿನ ತುದಿಯ ಕೊಕ್ಕೆಗೆ ಕಾಯಿ ಕಟ್ಟಿ ಇಳಿದ ಮೇಲೆ ಬಾಯಿಬಿಟ್ಟ.

"ಹಳೇದು ಕೊಳ್ತು ಒತ್ತಾರೆಗೇ ಬಿದ್ದೋಯ್ತು ಕಣವ್ವ. ಪರೀಕ್ಷೆಗೆ ಹೋಗೋರು, ಅಪಶಕುನ ಅಂತ ಮನಸಿಗೆ ಅಚ್ಕೊಂಡೀರ ಅಂತ ಯೋಳ್ನಿಲ್ಲ. ಹನುಮಂತಮ್ಮನ ಹಿತ್ಲಿಂದ ತಂದೆ, ಒಸಿ ತಡ ಆಯ್ತು."

ಲತಾಮಣಿ ಹೂಂ ಎಂದು ತಿರುಗಿದಳು. ಪರದೆಯ ಮೇಲೆ ಗೆರೆ ಮೇಲೆದ್ದಿತ್ತು. ಮೂರರ ಮೇಲೆ, ಅದರ ಹಳೆಯ ಜಾಗದಲ್ಲೇ ನೆಟ್ಟಗೆ ಓಡುತ್ತಿತ್ತು.

"ಪುಟ್ಟಸ್ವಾಮಣ್ಣ, ಅದನ್ನ ಒಂದ್ಸಲ ಇಳಿಸು."

"ಕಟ್ಟಿದ್ದ ಬಿಚ್ಚಬಾರ್ದು ಕಣವ್ವ."

"ಇಳಿಸಣ್ಣ."

ಇಳಿಸಿದ, ಗೆರೆ ಬಿತ್ತು. ಕಟ್ಟಿಸಿದಳು, ಎದ್ದಿತು. ಮತ್ತೆ ಇಳಿಸಲು ಹೇಳಿದಳು, ಮತ್ತೆ ಕಟ್ಟಿಸಿದಳು. ಮೂರನೆಯ ಸಲಕ್ಕೆ ಮುದುಕ ಕಾಯಿಯನ್ನು ಎದೆಗೆ ಅವುಚಿಕೊಂಡು ಏಣಿಯ ಮೇಲೇ ನಿಂತುಬಿಟ್ಟ.

ಯಾವ ಮನೆಗೆ ಕಟ್ಟಿರುವುದಿಲ್ಲ ಹೇಳಿ, ದೃಷ್ಟಿಗೆ ಅಂತ? ಯಾರು ತಲೆಯೆತ್ತಿ ನೋಡುತ್ತಾರೆ? ಕೋಣೆಯ ಪೂಜೆಯ ದಿನ, ಯಂತ್ರಕ್ಕೆ ಕರೆಂಟು ಕೊಡುವ ಮೊದಲೇ ಮೊದಲನೆಯ ಕಾಯಿ ಕಟ್ಟಿದ್ದರು. ಅದಕ್ಕೆ ಕುಂಕುಮ ಇಟ್ಟವಳು ಲತಾಮಣಿಯೇ. ಆಮೇಲೆ ವರ್ಷಕ್ಕೆರಡು ಅಮಾವಾಸ್ಯೆ ಪುಟ್ಟಸ್ವಾಮಿ ಹಳೆಯದನ್ನು ಇಳಿಸಿದ ಕೈಯಲ್ಲೇ ಹೊಸದು ಕಟ್ಟುತ್ತಿದ್ದ. ಸೂರು ಖಾಲಿ ಇರಬಾರದು ಎಂಬುದು ಅವನ ಪದ್ಧತಿ. ಒಂದೆರಡು ನಿಮಿಷದ ಆ ಕುಸಿತವನ್ನು ಅವಳು ಕರೆಂಟಿನ ತೊಂದರೆ ಅಂತ ಅಳಿಸಿಹಾಕುತ್ತಿದ್ದಳು. ಮರದ ಎಲೆಯನ್ನೂ ಬಿಡದೆ ಕಳೆದವಳು, ಕೊಂಬಿನ ಬಾಯಂಚಿನಲ್ಲಿ ನೇತಾಡುತ್ತ ತನ್ನ ಕಾವನ್ನು ಕೊಂಬಿಗೆ ಸೂಸುವ ನೀರು ತುಂಬಿದ ಕಾಯಿಯನ್ನು ಏಳು ವರ್ಷ ಕಾಣಲಿಲ್ಲ.

ಅಳು ಬರಲಿಲ್ಲ. ನಾಚಿಕೆ ಬಂತು, ಆಮೇಲೆ ಭಯ.

ಫೋನು ಸಿಗಬೇಕಾದರೆ ಗುಂಡಿ ಹತ್ತಬೇಕು. ಹತ್ತಿ, ಹುಣಸೆಮರದ ಬುಡದಲ್ಲಿ ನಿಂತು ಮಾರ್ಗದರ್ಶಕರಾದ ರೇಣುಕಾಪ್ರಸಾದ್ ಅವರಿಗೆ ಎಲ್ಲ ಹೇಳಿದಳು. ಪರೀಕ್ಷಕರ ವರದಿಗಳು ಚೆನ್ನಾಗಿ ಬಂದಿವೆ, ಬುಧವಾರ ಬರೀ ಶಾಸ್ತ್ರ ಅಂದರು ಅವರು. ಅವಳ ಕೆಲಸದ ಮಾತೆತ್ತಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು.

"ಇದನ್ನ ಬೇರೆ ಯಾರಾದ್ರೂ ನೋಡಿದಾರೇನಮ್ಮ?"

"ನಾನು ನೋಡಿದೀನಲ್ಲ ಸರ್."

"ಯೋಚನೆ ಮಾಡು."

"ಬುಧವಾರ ನಾನೇ ಹೇಳ್ತೀನಿ ಸರ್, ಅವರು ಕೇಳೋಕೆ ಮೊದಲೇ."

ಅವರು ಫೋನು ಇಟ್ಟುಬಿಟ್ಟರು. ಹೇಳಿದ್ದಕ್ಕೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಕನಕಪುರದ ಬಾಡಿಗೆ ಮನೆ, ಅಲ್ಲಿ ಗೋಡೆಗೆ ಅಂಟಿಸಿದ ಆ ಗೆರೆಯ ಚಿತ್ರ ನೆನಪಾಯಿತು. ನಲವತ್ತಮೂರು ವರ್ಷಕ್ಕೆ ಎಲ್ಲಿಂದ ಶುರು ಮಾಡುವುದು?

ಗುಂಡಿಗಿಳಿದು ಕಾಯಿಯನ್ನು ಕೇಳಿದಳು. ಬುಧವಾರ ಮೇಜಿನ ಮೇಲಿಟ್ಟು ತೋರಿಸಲು ಬೇಕಿತ್ತು. ಪುಟ್ಟಸ್ವಾಮಿ ಕೊಟ್ಟ, ಆದರೆ ಕೈ ಬಿಡಲಿಲ್ಲ.

"ನಾನ್ ಏನಾರ ತಪ್ ಮಾಡ್ಬುಟ್ನಾ ಅವ್ವ?"

"ಇಲ್ಲ ಪುಟ್ಟಸ್ವಾಮಣ್ಣ. ನನ್ನನ್ನ ತಪ್ಪಿನಿಂದ ನೀನು ಕಾಪಾಡಿದೀಯ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲಿನ ಕಾಯಿ ನೋಡಿ ಪಕ್ಕದ ಹೆಂಗಸು ನಕ್ಕಳು, "ಹೊಸ ಮನೆ ಮಾಡುದ್ರೇನವ್ವ?" ಎಂದು ಕೇಳಿದಳು. ಲತಾಮಣಿ ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಆ ಹೆಂಗಸಿಗೆ ತಿಳಿಯಲಿಲ್ಲ. ರಸ್ತೆ ಹದಗೆಟ್ಟಿತ್ತು. ಕಾಯಿ ಉರುಳದಂತೆ ಅವಳು ಎರಡೂ ಅಂಗೈಗಳನ್ನು ಅದರ ಮೇಲಿಟ್ಟಳು. ಕಿಟಕಿಯ ಬಿಸಿಲಿಗೆ ಅದು ಬೆಚ್ಚಗಿತ್ತು.