ತಂಗಿಯ ನಕ್ಷತ್ರಮೋಡ

ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ತಂಗಿ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ನಂಬರ್ ನೋಡುವವಳು. ಕುಂಚ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಪತ್ರಿಕೆಯಲ್ಲಿ ದೂರದರ್ಶಕದಿಂದ ತೆಗೆದ ನಕ್ಷತ್ರಮೋಡದ, ಎಂದರೆ ನೀಹಾರಿಕೆಯ, ಫೋಟೋವೊಂದನ್ನು ಕಂಡು, ಹುಚ್ಚು ಹಿಡಿದವಳಂತೆ ಬಣ್ಣ ಬಳಿಯತೊಡಗಿದ್ದಳು. ಊರಿನ ಗ್ರಂಥಾಲಯದ ಹೊಸ ಓದುಕೋಣೆಗೆ ದೊಡ್ಡ ಚಿತ್ರವೊಂದು ಬೇಕೆಂದಾಗ ಇಬ್ಬರೂ ಕೊಟ್ಟರು. ಅಕ್ಕ ಬರೆದ ಬೆಟ್ಟದ ತಪ್ಪಲಿನ ಕೆರೆ ವಾಪಸು ಬಂತು. ತಂಗಿಯ ಚಿತ್ರ ಆಯ್ಕೆಯಾಯಿತು.

ಅಕ್ಕ ಬಾಯ್ತುಂಬ ಹೊಗಳಿದಳು, ಹೊಟ್ಟೆಯೊಳಗೆ ಮಾತ್ರ ಕೆಂಡ. ಮರುದಿನ ಶಾಲೆ ಬಿಟ್ಟೊಡನೆ ಗ್ರಂಥಪಾಲಕರ ಮುಂದೆ ಕುಳಿತು, ಹೇಳಲು ಮನಸ್ಸೇ ಇಲ್ಲದವಳಂತೆ ಹೇಳಿದಳು: ತಂಗಿಯ ಚಿತ್ರ ಪತ್ರಿಕೆಯ ಫೋಟೋ ನೋಡಿ ಗೆರೆಗೆ ಗೆರೆ ನಕಲು ಮಾಡಿದ್ದು. ಆ ಫೋಟೋವನ್ನು ಅಕ್ಕ ಒಮ್ಮೆಯೂ ಕಂಡಿರಲಿಲ್ಲ, ಚಿತ್ರವನ್ನೂ ಸರಿಯಾಗಿ ನೋಡಿರಲಿಲ್ಲ.

ಮೂರು ದಿನ ಕಳೆದು ತಂಗಿ ಪತ್ರಿಕೆಯ ಹಾಳೆ, ಚಿತ್ರ ಎರಡನ್ನೂ ಹೊತ್ತುಕೊಂಡು ಅಕ್ಕನ ಮನೆಗೇ ಬಂದಳು. ಯಾರೋ ಚಾಡಿ ಹೇಳಿದ್ದಾರೆ, ಚಿತ್ರ ತಿರುಗಿ ಕಳಿಸಿದ್ದಾರೆ, ನಾಳೆ ಹೋಗಿ ಫೋಟೋ ತೋರಿಸಬೇಕಂತೆ ಎಂದಳು.

"ನೀನೂ ಬಾ ಅಕ್ಕ. ಕಲಿತವಳು ನೀನು, ನಿನ್ನ ಮಾತು ನಂಬ್ತಾರೆ."

ಅಕ್ಕ ಚಿತ್ರವನ್ನು ಗೋಡೆಗೆ ಒರಗಿಸಿ, ಹಾಳೆಯನ್ನು ಪಕ್ಕದಲ್ಲಿ ಹಿಡಿದು ನೋಡಿದಳು. ಫೋಟೋದಲ್ಲಿ ಕೆಂಪು ಮೋಡ, ಚೆಲ್ಲಿದ ಚುಕ್ಕಿಗಳು. ತಂಗಿಯ ಚಿತ್ರದಲ್ಲಿ ಮೋಡವೂ ಇಲ್ಲ, ಚುಕ್ಕಿಯೂ ಇಲ್ಲ. ಮಸಿಗಪ್ಪಿನ ಮೇಲೆ ಕಿಲುಬು ಹಸಿರಿನ ಪದರಗಳು, ಅವುಗಳ ನಡುವಿನಿಂದ ನುಗ್ಗಿ ಮೇಲೇರುವ ಒಂದೇ ಒಂದು ಕಿತ್ತಳೆ ಗೆರೆ. ಅಕ್ಕ ಇನ್ನಷ್ಟು ಹತ್ತಿರ ಹೋಗಿ ನೋಡಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ. ಇಂಥದ್ದು ತನ್ನ ಕೈಯಿಂದ ಎಂದೂ ಬರದು ಎಂದು ತಿಳಿದುಹೋಯಿತು. ಕೆರೆಯ ಚಿತ್ರ ವಾಪಸು ಬಂದಾಗಲೂ ಅಷ್ಟು ಉರಿದಿರಲಿಲ್ಲ.

ಮರುದಿನ ತಂಗಿಯ ಜೊತೆ ಅಕ್ಕನೂ ಬಂದದ್ದನ್ನು ಕಂಡು ಗ್ರಂಥಪಾಲಕರು ತಬ್ಬಿಬ್ಬಾದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ನಾನು ಹೇಳಿದ್ದು ಸುಳ್ಳು. ಹೊಟ್ಟೆಕಿಚ್ಚಿಗೆ ಹೇಳ್ಬಿಟ್ಟೆ. ಚಿತ್ರ ಪೂರ್ತಿ ಅವಳದ್ದೇ."

ತಂಗಿ ಅಕ್ಕನ ಮುಖ ನೋಡಲಿಲ್ಲ. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ಚಿತ್ರ ಗೋಡೆಗೇರಿತು. ಎರಡು ತಿಂಗಳು ಅಕ್ಕತಂಗಿಯರ ನಡುವೆ ಮಾತಿಲ್ಲ. ಆಮೇಲೊಂದು ಭಾನುವಾರ ತಂಗಿಯೇ ಫೋನ್ ಮಾಡಿದಳು. ಕ್ಷೇಮಸಮಾಚಾರವೇನೂ ಇಲ್ಲ, ಹೊಸ ಚಿತ್ರದಲ್ಲಿ ಕಪ್ಪು ಬಣ್ಣ ಒಣಗಿ ಬಿರುಕು ಬಿಡುತ್ತಿದೆ, ಏನು ಮಾಡಬೇಕು ಎಂದಷ್ಟೇ ಕೇಳಿದಳು.

ಗೊತ್ತಿಲ್ಲ ಎಂದುಬಿಡಲೇ ಎಂದು ಅಕ್ಕನಿಗೆ ಒಂದು ಗಳಿಗೆ ಅನ್ನಿಸಿತು. ಮಾತು ನಾಲಗೆಯ ತುದಿಗೂ ಬಂದಿತ್ತು.

"ತೆಳ್ಳಗೆ ಹಚ್ಚು," ಎಂದಳು. "ಒಂದು ಪದರ ಪೂರ್ತಿ ಒಣಗೋವರೆಗೆ ಇನ್ನೊಂದು ಮುಟ್ಟಬೇಡ."